ಸುಂದರಣ್ಣನ ರಿಕ್ಷಾ ಸೋರುತ್ತಿರಲಿಲ್ಲ

ನಮ್ಮ ಅಂಗಳದ ಕಾಂಕ್ರೀಟಿನ ಮೇಲೆ ಎಣ್ಣೆ ಚೆಲ್ಲಿದವಳು ನಾನು. ಸುಂದರಣ್ಣನ ರಿಕ್ಷಾದಿಂದ ಬಿದ್ದದ್ದಲ್ಲ. ಇಷ್ಟು ಹೇಳಲು ನನಗೆ ವರ್ಷಗಳೇ ಹಿಡಿದವು — ಹಿಡಿದವು ಎನ್ನುವುದೂ ಸುಳ್ಳೇ, ನಾನೇ ಬಾಯಿ ಮುಚ್ಚಿಕೊಂಡಿದ್ದೆ.

ಸುಂದರಣ್ಣ ನಮ್ಮ ನೆರೆಯವರು. ಬಂಟ್ವಾಳದಿಂದ ಪೊಳಲಿಗೆ ಹೋಗುವ ರಸ್ತೆಯ ಬದಿಯಲ್ಲಿ ನಮ್ಮ ಮನೆ; ಅವರದ್ದು ಕೆಳಗೆ, ಮೆಟ್ಟಿಲಿಳಿದು ಹೋಗಬೇಕು, ಗಾಡಿ ಇಳಿಯುವುದಿಲ್ಲ. ಹಾಗಾಗಿ ರಾತ್ರಿ ಅವರ ರಿಕ್ಷಾ ನಮ್ಮ ಅಂಗಳದಲ್ಲಿ ನಿಲ್ಲುತ್ತಿತ್ತು. ಅದಕ್ಕೆ ಬದಲಾಗಿ ಎಂದು ಯಾರೂ ಬಾಯಿಬಿಟ್ಟು ಹೇಳದಿದ್ದರೂ, ನನ್ನ ಅತ್ತೆಯನ್ನು ಡಾಕ್ಟರ ಬಳಿಗೆ, ನೆಂಟರ ಮನೆಗೆ ಕರೆದೊಯ್ಯುವುದು ಅವರದೇ ಕೆಲಸವಾಗಿತ್ತು. ಬೆಳಿಗ್ಗೆ ಬಂದು ಗಾಜು ಒರೆಸಿ, ಸೀಟು ತಟ್ಟಿ, ಮುಂದಕ್ಕೊಂದು ದಾಸವಾಳ ಸಿಕ್ಕಿಸಿಯೇ ಅವರು ಹೊರಡುವುದು. "ಇವಳಿಗೆ ಇದುವರೆಗೆ ಒಂದು ಶೀತ ಸಹ ಆಗ್ಲಿಲ್ಲ ಅಕ್ಕ" ಎಂದು ರಿಕ್ಷಾದ ಬೆನ್ನು ಸವರುತ್ತಿದ್ದರು. ಹೆಂಡತಿಯನ್ನು ಹೀಗೆ ಹೊಗಳಿದ್ದು ನಾನಂತೂ ಕೇಳಿಲ್ಲ.

ಅಂಗಳ ಆಗ ಹೊಸತು. ನನ್ನ ಗಂಡ ಸೌದಿಯ ದಮ್ಮಾಮಿನಲ್ಲಿದ್ದುಕೊಂಡೇ ಹಾಕಿಸಿದ್ದು. ಅತ್ತೆ ಅದರ ಮೇಲೆ ಮಕ್ಕಳಿಗೆ ಕೆಸರು ಕಾಲಿಡಲೂ ಬಿಡುತ್ತಿರಲಿಲ್ಲ. ಗಂಡನ ಹಳೆಯ ಕಾರು ಒಂದು ಬದಿಯಲ್ಲಿ ಟಾರ್ಪಾಲು ಹೊದ್ದು ನಿಂತಿತ್ತು. ನನಗೆ ಅದನ್ನು ಓಡಿಸುವ ಆಸೆ. ಕೇಳಿಯೂ ಇದ್ದೆ. "ನಿನಗೆ ಅದೆಲ್ಲ ಎಂತಕ್ಕೆ? ಸುಂದರ ಇದ್ದಾನಲ್ಲ" ಎಂದಿದ್ದರು ಅತ್ತೆ. ಫೋನಿನಲ್ಲಿ ಗಂಡನೂ ಅದನ್ನೇ ಹೇಳಿದರು.

ಅತ್ತೆ ಮೂಡಬಿದ್ರೆಗೆ, ಮಗಳ ಮನೆಗೆ ಹೋದ ದಿನ — ಕರೆದೊಯ್ದದ್ದು ಸುಂದರಣ್ಣನೇ — ನಾನು ಕದ್ದು ಟಾರ್ಪಾಲು ಎಳೆದೆ. ಮೊದಲು ಎಂಜಿನ್ನಿನ ಎಣ್ಣೆ ನೋಡಬೇಕು ಎಂದು ಮೊಬೈಲಿನಲ್ಲಿ ಕಲಿತಿದ್ದೆ. ಕಡಿಮೆ ಇತ್ತು. ಡಿಕ್ಕಿಯಲ್ಲಿದ್ದ ತುಂಬಿದ ಡಬ್ಬವನ್ನು ಎತ್ತಿ ಹೊಯ್ಯುವಾಗ ಕೈ ಜಾರಿತು.

ನೀರು ಹೊಯ್ದೆ, ಎಣ್ಣೆ ನೀರಿನ ಜೊತೆ ರಿಕ್ಷಾ ನಿಲ್ಲುವ ಜಾಗದವರೆಗೂ ಹರಿಯಿತು. ಸೀಮೆಎಣ್ಣೆ ಹಾಕಿ ಉಜ್ಜಿದೆ; ತೆಳ್ಳಗಾಗಿ ಇನ್ನಷ್ಟು ಒಳಗಿಳಿಯಿತು. ಬಚ್ಚಲೊಲೆಯ ಬೂದಿ ಚೆಲ್ಲಿ ಹಿಡಿಸೂಡಿಯಲ್ಲಿ ತಿಕ್ಕಿದೆ. ಜೇನಿನ ಬಣ್ಣದ ಹೊಸ ಎಣ್ಣೆ ಕರ್ರಗಾಯಿತು, ಅಷ್ಟೇ. ಕಾರಿಗೆ ಮತ್ತೆ ಟಾರ್ಪಾಲು ಹೊದಿಸಿ, ಡಬ್ಬವನ್ನು ಕಟ್ಟಿಗೆಯ ಹಿಂದೆ ಅಡಗಿಸಿಟ್ಟೆ. ಮುಸ್ಸಂಜೆಗೆ ಅತ್ತೆ ಮರಳಿದರು, ರಿಕ್ಷಾ ಆ ಕಪ್ಪಿನ ಮೇಲೆಯೇ ಬಂದು ನಿಂತಿತು.

ಬೆಳಿಗ್ಗೆ ಸುಂದರಣ್ಣ ಗಾಡಿ ಮುಂದಕ್ಕೆ ತಳ್ಳುತ್ತಿದ್ದಂತೆ ಅತ್ತೆಯ ಕಣ್ಣಿಗೆ ಬಿತ್ತು. "ಇದು ಎಂತದು?" ಎಂದು ನನ್ನ ಮುಖ ನೋಡಿದರು.

"ರಿಕ್ಷಾದ್ದಿರಬೇಕು" ಎಂದೆ.

ಪೂರ್ತಿ ಸುಳ್ಳು ಹೇಳುವ ಧೈರ್ಯವೂ ಇರಲಿಲ್ಲ ನೋಡಿ, ಅದಕ್ಕೇ 'ಇರಬೇಕು' ಎಂದದ್ದು. ಅತ್ತೆ ನಡುಅಂಗಳದಲ್ಲಿ ನಿಂತು, ಅಕ್ಕಪಕ್ಕದವರಿಗೆಲ್ಲ ಕೇಳುವ ಹಾಗೆ ಸುಂದರಣ್ಣನನ್ನು ತರಾಟೆಗೆ ತೆಗೆದುಕೊಂಡರು. ಸುಂದರಣ್ಣ ಬಗ್ಗಿ ರಿಕ್ಷಾದ ಅಡಿಗೆ ನೋಡಿದರು, ಕಲೆಯನ್ನು ಬೆರಳಲ್ಲಿ ಮುಟ್ಟಿದರು. ಮುಖ ಸಣ್ಣದಾಯಿತು. "ನಾನು ತೊಳೆದು ಕೊಡ್ತೇನೆ ಉಮ್ಮ" ಎಂದಷ್ಟೇ ಅತ್ತೆಗೆ ಹೇಳಿದರು.

ಅಂದು ಅವರು ಬಾಡಿಗೆಗೆ ಹೋಗಲಿಲ್ಲ. ಮಿಲ್ಲಿನಿಂದ ಮರದ ಹುಡಿ ತಂದು ಸುರಿದು ಹೀರಲು ಬಿಟ್ಟರು. ಆಮೇಲೆ ಒಗೆಯುವ ಸೋಡಾ ಹಾಕಿ, ಮೊಣಕಾಲೂರಿ ತಂತಿಬ್ರಷ್‌ನಲ್ಲಿ ತಿಕ್ಕಿದರು. ನೀರು ಕಾಯಿಸಿ ಕೊಟ್ಟದ್ದು ನಾನು. ಹೌದು — ನಾನೇ ಕೊಡ ಹೊತ್ತು ತಂದೆ. "ಬಿಸಿ ಉಂಟು, ಜಾಗ್ರತೆ ಅಕ್ಕ" ಎಂದರು ಅವರು, ನನಗೆ! ಆಗಲಾದರೂ ಹೇಳಬಹುದಿತ್ತು. ಇನ್ನೊಂದು ಕೊಡ ತರಲು ಒಳಗೆ ಹೋದೆ.

ಒದ್ದೆಯಿದ್ದಾಗ ಹೋದಂತೆ ಕಂಡ ಕಲೆ, ಬಿಸಿಲು ಏರಿದಾಗ ಮತ್ತೆ ಎದ್ದು ಬಂತು. ಕಾಂಕ್ರೀಟು ಕುಡಿದ ಎಣ್ಣೆಯನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಅವರು ಮತ್ತೆ ಬಂದು ತಿಕ್ಕಿದರು, ಮತ್ತೆ ಎದ್ದಿತು. ಕೊನೆಗೆ ರಿಕ್ಷಾವನ್ನು ಬಿ.ಸಿ. ರೋಡಿನ ಗ್ಯಾರೇಜಿಗೆ ಒಯ್ದರು. ಎಲ್ಲಿಯೂ ಸೋರುವುದಿಲ್ಲ ಎಂದು ಮೆಕ್ಯಾನಿಕ್ ಹೇಳಿದನಂತೆ. ಇವರು ನಂಬಲಿಲ್ಲ. "ಹಾಗಾದ್ರೆ ಅಂಗಳದಲ್ಲಿ ಬಿದ್ದದ್ದು ಎಂತ ಮಾರಾಯ, ಬಿಚ್ಚಿ ನೋಡು" ಎಂದು ಹಟ ಹಿಡಿದು ಎಂಜಿನ್ ಬಿಚ್ಚಿಸಿದರು.

ಬಿಚ್ಚಿ ಜೋಡಿಸಿದ ಮೇಲೆ ಅದು ನಿಜವಾಗಿ ಸೋರಲು ಶುರುವಾಯಿತು.

ನನ್ನ ಸುಳ್ಳು ನಿಜವಾಗಿಬಿಟ್ಟಿತ್ತು. ಸುಂದರಣ್ಣ ರಿಕ್ಷಾದ ಅಡಿಗೆ ರಟ್ಟು ಇಟ್ಟು ನೋಡಿದರು. ಮತ್ತೆ ಮತ್ತೆ ರಿಪೇರಿ ಮಾಡಿಸಿದರು. ಸಂಕೋಚಪಟ್ಟು ನಮ್ಮಲ್ಲಿ ನಿಲ್ಲಿಸುವುದನ್ನೂ ಬಿಟ್ಟರು, ಗಾಡಿ ರಸ್ತೆ ಬದಿಯಲ್ಲಿ ಮಳೆ ಬಿಸಿಲು ತಿಂದಿತು. ದಾಸವಾಳ ಸಿಕ್ಕಿಸುವುದು ಯಾವಾಗ ನಿಂತಿತೋ — ನಾನು ಆ ಕಡೆ ನೋಡುವುದನ್ನೇ ಬಿಟ್ಟಿದ್ದೆ. ಒಂದು ದಿನ ಅದನ್ನು ಮಾರಿದರು. ಈಗ ಬೇರೆಯವರ ರಿಕ್ಷಾ ಓಡಿಸುತ್ತಾರೆ. ಅತ್ತೆ ತೀರಿಕೊಂಡರು, ಸುಂದರನ ಗಾಡಿ ಸೋರುವಂಥದ್ದು ಎಂದೇ ನಂಬಿಕೊಂಡು. ನಾನು ಕಾರು ಕಲಿಯಲಿಲ್ಲ.

ಈ ವರ್ಷ ಗಂಡ ಗಲ್ಫ್ ಬಿಟ್ಟು ಬಂದರು. ಅಂಗಳಕ್ಕೆ ಇಂಟರ್‌ಲಾಕ್ ಕಲ್ಲು ಹಾಸುವ ಎಂದರು. ಕಲೆ ಮುಚ್ಚಿಹೋಗುತ್ತದೆ ಎಂದಾಗ ಅವರಿಗೆ ಎಲ್ಲ ಹೇಳಿದೆ. "ಇನ್ನು ಹೇಳಿ ಎಂತ ಪ್ರಯೋಜನ?" ಎಂದರು. ನಾನು ಮೆಟ್ಟಿಲಿಳಿದು ಸುಂದರಣ್ಣನ ಮನೆಗೆ ಹೋಗಿ, ಅವರ ಜಗಲಿಯಲ್ಲಿ ನಿಂತು, ಎಣ್ಣೆ ಚೆಲ್ಲಿದ್ದು ನಾನು ಎಂದೆ.

ಅವರು ನಕ್ಕರು. "ಬಿಡಿ ಅಕ್ಕ, ನನ್ನ ಸಮಾಧಾನಕ್ಕೆ ಹೀಗೆಲ್ಲ ಹೇಳುದು ಬೇಡ. ಅದು ಸೋರುದನ್ನು ನಾನೇ ಕಣ್ಣಾರೆ ನೋಡಿದ್ದೇನೆ."

ಆಣೆ ಹಾಕಿದೆ. ಕಾರು, ಡಬ್ಬ, ಬೂದಿ — ಒಂದೊಂದನ್ನೂ ಹೇಳಿದೆ. ಅವರು ಹೆಂಡತಿಯನ್ನು ಕರೆದರು. "ಅಕ್ಕನ ಮನಸ್ಸು ನೋಡು, ನಮ್ಮ ತಪ್ಪನ್ನು ತನ್ನ ಮೇಲೆ ಹಾಕ್ಕೊಳ್ತಾರೆ. ಚಾ ಮಾಡು." ಆ ಚಾ ಕುಡಿದು ಬಂದೆ. ಬೇರೇನು ಮಾಡಬಹುದಿತ್ತೋ ನನಗೆ ಗೊತ್ತಾಗಲಿಲ್ಲ.

ಅಂಗಳಕ್ಕೆ ಇಂಟರ್‌ಲಾಕ್ ಹಾಸಿ ಮುಗಿಯಿತು. ನಿನ್ನೆ ಪೇಟೆಯಿಂದ ಅಕ್ಕಿ ಚೀಲದೊಂದಿಗೆ ಸುಂದರಣ್ಣ ಓಡಿಸುವ ರಿಕ್ಷಾದಲ್ಲೇ ಬಂದೆ. ಗೇಟಿನ ಹೊರಗೆ ನಿಲ್ಲಿಸಿದರು. "ಒಳಗೇ ಬನ್ನಿ ಸುಂದರಣ್ಣ" ಎಂದು ಗೇಟು ತೆರೆದು ಹಿಡಿದೆ.

"ಬೇಡ ಅಕ್ಕ, ಹೊಸ ಅಂಗಳ" ಎಂದರು. ಚಪ್ಪಲಿ ಗೇಟಿನ ಹೊರಗೆ ಬಿಟ್ಟು, ಚೀಲವನ್ನು ಹೆಗಲಿಗೇರಿಸಿಕೊಂಡು, ಬರಿಗಾಲಲ್ಲಿ ನಡೆದು ಜಗಲಿಗೆ ತಂದಿಟ್ಟರು.