ಸೋಪಿನ ಸಾಹೇಬರ ಚಿಟ್ಟೆ

ಉಸಂಬರಾ ಬೆಟ್ಟದ ಕಾಡಿನಲ್ಲಿ ಶೆಮ್‌ಹಿಲು ಮೂವತ್ತು ವರ್ಷ ಚಿಟ್ಟೆ ಹಿಡಿದ. ಮರದ ನೆತ್ತಿಯಲ್ಲೇ ಹಾರಾಡುವ ಚಿಟ್ಟೆಗಳನ್ನು ಕೆಳಗಿಳಿಸುವ ವಿದ್ಯೆ ಅವನಿಗೆ ಕರಗತ. ಬಾಳೆಹಣ್ಣನ್ನು ವಾರಗಟ್ಟಲೆ ಕೊಳೆಸಿ, ಪುನುಗುಬೆಕ್ಕಿನ ಹಿಕ್ಕೆ ಕಲಸಿ ಕಾಂಡಕ್ಕೆ ಬಳಿಯುತ್ತಿದ್ದ. ಆ ಮಿಶ್ರಣದ ಡಬ್ಬಿ ಮನೆಯೊಳಗೆ ಬರಕೂಡದೆಂದು ಹೆಂಡತಿ ಜುವೇನಾ ಮದುವೆಯಾದ ತಿಂಗಳಲ್ಲೇ ಕಟ್ಟಪ್ಪಣೆ ಮಾಡಿದ್ದಳು. ಕೆಲವು ದಿನ ಅದೇ ಅಪ್ಪಣೆ ಗಂಡನಿಗೂ ಅನ್ವಯಿಸುತ್ತಿತ್ತು.

ಒಮ್ಮೆ ಅವನ ಬಲೆಗೆ ಕಡುಹಸಿರು ರೆಕ್ಕೆಯ, ಜೋಡಿಬಾಲದ ಚಿಟ್ಟೆಯೊಂದು ಬಿತ್ತು. ಅಂಥದ್ದನ್ನು ಅವನೂ ಕಂಡಿರಲಿಲ್ಲ. ಅವನನ್ನು ಕೆಲಸಕ್ಕಿಟ್ಟುಕೊಂಡಿದ್ದ ಪರದೇಶದ ಪ್ರೊಫೆಸರ್ ಆನಂದದಿಂದ ಕಣ್ಣೀರಿಟ್ಟು, ಈ ಹೊಸ ಜಾತಿಗೆ ನಿನ್ನ ಹೆಸರನ್ನೇ ಇಡುತ್ತೇನೆಂದು ಮಾತು ಕೊಟ್ಟರು. ಜುವೇನಾ ಕೋಳಿ ಕೊಯ್ದು, ನೆರೆಹೊರೆಗೆಲ್ಲ ಉಗಾಲಿ ಮುದ್ದೆ ಬಡಿಸಿದಳು.

ಎರಡು ವರ್ಷದ ಮೇಲೆ ಹೆಸರು ಬಂತು: ಲುಗಾನೊ. ಸಂಶೋಧನೆಗೆ ದುಡ್ಡು ಕೊಟ್ಟಿದ್ದ ದಾರ್-ಎಸ್-ಸಲಾಮ್ ನಗರದ ಸೋಪಿನ ವ್ಯಾಪಾರಿ ಅವರು. ಬೆಟ್ಟದ ಮುಖವನ್ನೇ ಕಂಡವರಲ್ಲ.

"ಕೊಳೆಸಿದ್ದು ನೀವು, ನಾತ ತಡ್ಕೊಂಡಿದ್ದು ನಾನು, ಹೆಸರು ಸೋಪಿನವ್ರಿಗಾ?" ಎಂದಳು ಜುವೇನಾ. ಶೆಮ್‌ಹಿಲು ಒಂದು ತಿಂಗಳು ಕಾಡಿನ ಕಡೆ ಹೆಜ್ಜೆ ಇಡಲಿಲ್ಲ.

ಅಷ್ಟರಲ್ಲಿ ತಮ್ಮ ಚಿಟ್ಟೆಯ ಜೊತೆ ಫೋಟೊ ತೆಗೆಸಿಕೊಳ್ಳಲು ಲುಗಾನೊ ಸಾಹೇಬರು ಬಿಳಿ ಸೂಟು ತೊಟ್ಟು ಬಂದೇಬಿಟ್ಟರು. ಪ್ರೊಫೆಸರ್ ತಾವೇ ಮನೆಗೆ ಬಂದು ಗೋಗರೆದಿದ್ದರಿಂದ ಶೆಮ್‌ಹಿಲು ದಾರಿ ತೋರಿಸಿದ. ಸಾಹೇಬರು ಮೂರು ಗಂಟೆ ಕೈ ಚಾಚಿ ನಿಂತರು. ಚಿಟ್ಟೆ ಮರದಿಂದ ಇಳಿಯಲಿಲ್ಲ.

"ಏನ್ ಮಾಡಿದ್ರೆ ಬರುತ್ತಯ್ಯಾ ಇದು?"

"ಕೈಗೆ ಹಿಕ್ಕೆ ಹಚ್ಕೋಬೇಕು, ಸಾಹೇಬ್ರೆ."

"ಬೇರೆ ಏನೂ ಇಲ್ವಾ?"

"ಸೋಪಿಗಂತೂ ಬರಲ್ಲ."

ಪ್ರೊಫೆಸರ್ ಆಕಾಶ ನೋಡತೊಡಗಿದರು. ಫೋಟೊದವರು ಕಾಯುತ್ತಿದ್ದರು. ಸಾಹೇಬರು ಮೂಗು ಹಿಡಿದು ಕೈ ಮುಂದೆ ಮಾಡಿದರು. ಶೆಮ್‌ಹಿಲು ಒಂದಿಷ್ಟೂ ಜಿಪುಣತನ ಮಾಡದೆ, ಮೊಣಕೈವರೆಗೆ, ತೋಳಿನ ಬಟ್ಟೆಯನ್ನೂ ಬಿಡದೆ ಬಳಿದ. ಒಂದಲ್ಲ, ಐದು ಚಿಟ್ಟೆ ಇಳಿದು ಬಂದು ಹೀರಲು ಕೂತವು. ಪ್ರಕೃತಿಯೇ ಲುಗಾನೊ ಅವರ ಪ್ರೀತಿಗೆ ಓಗೊಟ್ಟಿತೆಂದು ಮರುದಿನದ ಪತ್ರಿಕೆ ಬರೆಯಿತು.

ಊರವರು ಮಾತ್ರ ಆ ಹೆಸರನ್ನು ನಿಷ್ಠೆಯಿಂದ ಬಳಸತೊಡಗಿದರು. ಹಿಕ್ಕೆಯ ಮೇಲೆ ಇವತ್ತು ಏಳು ಲುಗಾನೊ ಕೂತಿದ್ದವು, ನಿನ್ನೆಯದು ಒಣಗಿತ್ತು, ಒಬ್ಬ ಲುಗಾನೊನೂ ಮೂಸಲಿಲ್ಲ ಎಂದು ಸಂತೆಯಲ್ಲಿ ಮಾತಾಡಿಕೊಂಡರು. ಕೇಳಿಸಿಕೊಂಡ ಶೆಮ್‌ಹಿಲುವಿನ ಹೊಟ್ಟೆಯುರಿ ತಣ್ಣಗಾಯಿತು.

ಮುಂದಿನ ವರ್ಷ ಇನ್ನೊಂದು ಹೊಸ ಚಿಟ್ಟೆ ಸಿಕ್ಕಿತು. ಈ ಸಲ ನಿನ್ನ ಹೆಸರೇ ಖಂಡಿತ ಎಂದರು ಪ್ರೊಫೆಸರ್. ಶೆಮ್‌ಹಿಲು ಎರಡೂ ಕೈ ಜೋಡಿಸಿದ.

"ಬೇಡ ಪ್ರೊಫೆಸರ್ರೆ. ನಿಮ್ಮದನ್ನೇ ಇಟ್ಕೊಳ್ಳಿ."