ಆಯುಧಪೂಜೆಯ ದಿನ ಬಿಚ್ಚಿದ ಬೇಡಿ

ಅದು ಪ್ಲವಂಗ ಸಂವತ್ಸರ. ಈಗ ಬಂದಿರುವ ಇಂಗ್ಲಿಷರ ಲೆಕ್ಕದಲ್ಲಿ ೧೭೮೭. ಆಗ ನಾನು ನಾಗಮಂಗಲದ ಕೋಟೆಯೊಳಗಿನ ಸೆರೆಮನೆಗೆ ದಾರೋಗನಾಗಿದ್ದೆ. ಕೈದಿಗಳ ಊಟ, ಕಾವಲು, ಬೇಡಿ, ಬಿಡುಗಡೆ ಎಲ್ಲಕ್ಕೂ ಹೊಣೆ ಹೊರುವವನೇ ದಾರೋಗ. ಹೆಸರು ದೊಡ್ಡದು, ಸೆರೆಮನೆ ಚಿಕ್ಕದು. ಕೋಟೆ ಬಾಗಿಲ ಪಕ್ಕದ ಹಳೆಯ ಉಗ್ರಾಣಕ್ಕೆ ಅಡ್ಡಗೋಡೆ ಎಬ್ಬಿಸಿ ಎರಡು ಕೋಣೆ ಮಾಡಿದ್ದರು. ಒಂದರಲ್ಲಿ ಕೈದಿಗಳು, ಇನ್ನೊಂದರಲ್ಲಿ ಅವರಿಂದ ಕಿತ್ತುಕೊಂಡ ಸಾಮಾನು ಮತ್ತು ನಾನು.

ಬೆಳಿಗ್ಗೆ ಎದ್ದು ತಲೆ ಎಣಿಸಬೇಕು, ಪ್ರತಿಯೊಬ್ಬನ ಕಾಲಿನ ಬೇಡಿಯನ್ನೂ ಕೋಲಿನಿಂದ ತಟ್ಟಿ ನೋಡಬೇಕು. ಗಟ್ಟಿ ಬೇಡಿಯ ಸದ್ದೇ ಬೇರೆ, ಯಾರೋ ಅರ ಹಾಕಿ ಉಜ್ಜಿದ್ದರೆ ಆ ಸದ್ದು ಒಡೆದಂತೆ ಕೇಳುತ್ತದೆ. ಸಂಜೆಗೂ ಇದೇ ಕೆಲಸ. ನಾನು ಇದನ್ನು ಒಂದು ದಿನವೂ ತಪ್ಪಿಸಿದವನಲ್ಲ. ನನ್ನ ಕಾಲದಲ್ಲಿ ಒಬ್ಬನೂ ಓಡಿಹೋಗಿರಲಿಲ್ಲ, ಆ ಜಂಬ ನನಗೆ ಸ್ವಲ್ಪ ಜಾಸ್ತಿಯೇ ಇತ್ತು.

ಆ ವರ್ಷ ಆಷಾಢದಲ್ಲಿ ಹೊಸಹೊಳಲಿನಿಂದ ಲಿಂಗಾಚಾರಿ ಎಂಬ ಕಮ್ಮಾರನನ್ನು ತಂದು ಒಪ್ಪಿಸಿದರು. ಬೀಗ ಮಾಡುವುದರಲ್ಲಿ ಸುತ್ತಮುತ್ತ ಅವನಿಗೆ ಸಮ ಇರಲಿಲ್ಲ. ಸರ್ಕಾರದ ಕಣಜದಲ್ಲಿ ರಾಗಿ ಕಡಿಮೆಯಾಗಿತ್ತು, ಬೀಗ ಮಾತ್ರ ಒಡೆದಿರಲಿಲ್ಲ. ಹಾಗಾದರೆ ಕಳ್ಳಕೀಲಿ ಮಾಡಿದವನು ಇವನೇ ಇರಬೇಕು ಎಂದು ಹಿಡಿದು ತಂದಿದ್ದರು. ಜೊತೆಯಲ್ಲಿ ಅವನ ಸುತ್ತಿಗೆ, ಚಾಣ, ಅರಗಳ ಗಂಟನ್ನೂ ತಂದಿದ್ದರು. ಅದನ್ನು ನನ್ನ ಕೋಣೆಯ ಮೂಲೆಗೆ ಹಾಕಿಸಿದೆ.

ನಮ್ಮ ಬೇಡಿಗಳಿಗೆಲ್ಲ ಬೀಗವಿತ್ತು. ಬೀಗ ಮಾಡುವವನಿಗೆ ಬೀಗದ ಬೇಡಿ ಹಾಕುವಷ್ಟು ದಡ್ಡ ನಾನಲ್ಲ ಎಂದುಕೊಂಡು ಊರಿನ ಹಿರಿಯ ಕಮ್ಮಾರ ವೀರಾಚಾರಿಯನ್ನು ಕರೆಸಿದೆ. ಬೇಡಿಯ ಎರಡು ಕೊನೆಗಳನ್ನು ಸೇರಿಸಿ, ಕಾದ ಮೊಳೆ ತೂರಿಸಿ, ಅದರ ತಲೆ ಬಡಿದು ಚಪ್ಪಟೆ ಮಾಡು ಎಂದೆ. ಅದನ್ನು ಚಾಣದಿಂದ ಕಡಿದೇ ತೆಗೆಯಬೇಕು, ಬೇರೆ ದಾರಿಯಿಲ್ಲ.

"ನಮ್ಮೋನ ಕಾಲ್ಗೆ ನನ್ ಕೈಲೇ ಒಡಿಸ್ತೀರಲ್ಲ ಬುದ್ಧಿ," ಎಂದ ಮುದುಕ. ಕಣ್ಣು ಬೇರೆ ಕಡೆ ಮಾಡಿಕೊಂಡೇ ಬಡಿದ.

ಲಿಂಗಾಚಾರಿ ಜಗಳವಾಡುವವನಲ್ಲ. "ನಾನು ಮಾಡಿಲ್ಲ" ಎಂದು ಒಂದೇ ಸಲ ಹೇಳಿದ. ಅವನ ಹೆಂಡತಿ ಚೆನ್ನಮ್ಮ ವಾರಕ್ಕೊಮ್ಮೆ ನಡೆದು ಬಂದು, ತಂದ ಬುತ್ತಿಯನ್ನು ಕಾವಲಿನವನ ಕೈಗೆ ಕೊಟ್ಟು, ಗಂಡ ಉಂಡು ಬುತ್ತಿಯ ಬಟ್ಟೆ ವಾಪಸು ಬರುವ ತನಕ ಬಾಗಿಲಲ್ಲಿ ಕೂತಿರುತ್ತಿದ್ದಳು.

ಮಹಾನವಮಿಯ ದಿನ ಮಧ್ಯಾಹ್ನ ಅಮಲ್ದಾರರ ಪರವಾನೆ ಬಂತು. ಕಣಜದ ಕಾವಲಿನವನು ಬೀಗವನ್ನೇ ಹಾಕದೆ ಮನೆಗೆ ಹೋಗುತ್ತಿದ್ದನಂತೆ! ತಪ್ಪು ಒಪ್ಪಿಕೊಂಡಿದ್ದ. ಲಿಂಗಾಚಾರಿಯ ಬೇಡಿ ತೆಗೆದು ಬಿಡತಕ್ಕದ್ದು ಎಂದಿತ್ತು. ಬುತ್ತಿ ತಂದಿದ್ದ ಚೆನ್ನಮ್ಮನಿಗೆ ಹೇಳಿದೆ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಆ ಸಂತೋಷ ಒಂದು ಗಳಿಗೆಯೂ ನಿಲ್ಲಲಿಲ್ಲ. ಪಟ್ಟಣದಿಂದ, ಅಂದರೆ ಶ್ರೀರಂಗಪಟ್ಟಣದಿಂದ, ಒಬ್ಬ ಜಮಾದಾರ ಸಿಪಾಯಿಗಳೊಂದಿಗೆ ಬಂದಿಳಿದ. ಬೇಡಿಯಲ್ಲಿರುವವರನ್ನೆಲ್ಲ ಕೋಟೆ ಕೆಲಸಕ್ಕೆ ಕರೆದೊಯ್ಯಬೇಕೆಂಬ ಹುಕುಂ ಅವನ ಕೈಯಲ್ಲಿತ್ತು. ಪರವಾನೆ ತೋರಿಸಿದೆ.

"ದೇಖೋ ದಾರೋಗಸಾಬ್, ನಂಗೂ ಮೇಲೆ ಕೇಳೋರವ್ರೆ. ಬೇಡಿ ಇಲ್ಲ ಅಂದ್ರೆ ನಿಮ್ಮೋನು, ಬೇಡಿ ಐತೆ ಅಂದ್ರೆ ನಮ್ಮೋನು. ಊಟ ಮುಗ್ಸಿ ಹೊರಡ್ತೀನಿ," ಎಂದ. ಕೆಟ್ಟವನಲ್ಲ, ಅವನ ಕೆಲಸ ಅವನದು. ಆದರೆ ಪಟ್ಟಣದ ಬಂದೂಕಿನ ಕಾರ್ಖಾನೆಗೆ ಇಂಥ ಕಮ್ಮಾರ ಸಿಕ್ಕಿದರೆ ಮತ್ತೆ ಎಷ್ಟು ವರ್ಷಕ್ಕೆ ಬಿಟ್ಟಾರು? ಹೆಂಡತಿ ಯಾವ ಬಾಗಿಲಲ್ಲಿ ಹೋಗಿ ಕೂತಾಳು?

ವೀರಾಚಾರಿಯ ಮನೆಗೆ ಓಡಿದೆ. ಅಲ್ಲಿ ನೋಡಿದರೆ ಸುತ್ತಿಗೆ, ಚಾಣ, ಇಕ್ಕಳ, ಕಬ್ಬಿಣ ಬಡಿಯುವ ಅಡಿಗಲ್ಲು ಎಲ್ಲವೂ ಅರಿಶಿನ ಕುಂಕುಮ ಹೂವು ಮುಡಿದು ಕಾಳಮ್ಮನ ಮುಂದೆ ಕೂತಿದ್ದವು. ಪೂಜೆಗೆ ಕೂತ ಸಾಮಾನನ್ನು ವಿಜಯದಶಮಿಯ ಮರುಪೂಜೆ ಆಗುವವರೆಗೆ ಯಾರೂ ಎತ್ತುವುದಿಲ್ಲ. ಊರಿನ ಎಲ್ಲ ಕುಲುಮೆಯಲ್ಲೂ ಅವತ್ತು ಇದೇ. ವರ್ಷ ವರ್ಷ ನೋಡಿದ್ದೆ. ಮೊಳೆ ಹೊಡೆಸುವಾಗ ಈ ದಿನದ ನೆನಪು ನನ್ನ ಬುದ್ಧಿವಂತ ತಲೆಗೆ ಹೊಳೆದಿರಲಿಲ್ಲ.

ನನ್ನದು ಮೊದಲೇ ಮುಂಗೋಪ. ನಿನ್ನನ್ನೇ ಒಳಗೆ ಹಾಕುತ್ತೇನೆ ಎಂದು ಕೂಗಾಡಿದೆ.

"ಆಕಿ ಬುದ್ಧಿ, ಬತ್ತೀನಿ. ಸುತ್ತಿಗೆ ಮಾತ್ರ ಎತ್ತಾಕಿಲ್ಲ," ಎಂದ ವೀರಾಚಾರಿ. ಆಮೇಲೆ ಅವನೇ ಕೇಳಿದ: "ಲಿಂಗನ ಸಾಮಾನು ಎಲ್ಲದೆ?"

"ನನ್ನ ಕೋಣೆಯಲ್ಲಿ, ಗಂಟು ಕಟ್ಟಿಟ್ಟಿದೆ."

"ಅಂಗಾರೆ ಅವು ಪೂಜೆಗೆ ಕುಂತಿಲ್ವಲ್ಲ! ಅವ್ನೂ ಕುಂತಿಲ್ಲ. ಅವ್ನ ಕೈಗೇ ಕೊಟ್ಬುಡಿ."

ಕೈದಿಯ ಕೈಗೆ ಸುತ್ತಿಗೆ, ಚಾಣ! ಸೂಜಿ ಕೂಡ ಕೊಡಬಾರದೆಂಬುದು ನಮ್ಮ ಮೊದಲ ಕಟ್ಟಳೆ. ಅವನು ನನ್ನ ತಲೆಗೇ ಒಂದು ಹಾಕಿ, ಉಳಿದವರ ಬೀಗ ಒಡೆದರೆ ನನ್ನ ಗತಿಯೇನು? ದಾರಿಯುದ್ದಕ್ಕೂ ಇದೇ ಯೋಚನೆ. ಸೆರೆಮನೆಗೆ ಬಂದು ನೋಡಿದರೆ ಕಾವಲಿನವನು ಗುಂಡುಕಲ್ಲಿನಿಂದ ಬೇಡಿ ಜಜ್ಜಲು ಹೋಗಿ ಲಿಂಗಾಚಾರಿಯ ಕಾಲಿನಿಂದ ರಕ್ತ ಬರಿಸಿದ್ದ. ಅತ್ತ ಜಮಾದಾರನ ಎಲೆಗೆ ಮಜ್ಜಿಗೆ ಅನ್ನ ಬಿದ್ದಿತ್ತು. ನಾನು ಗಂಟು ತಂದು ಅಂಗಳದಲ್ಲಿ ಬಿಚ್ಚಿದೆ.

ಮೂರು ತಿಂಗಳಿಂದ ಕಾಣದ ಸಾಮಾನು ಕಂಡು ಚೆನ್ನಮ್ಮ ಸೊಂಟದ ಚೀಲಕ್ಕೆ ಕೈಹಾಕಿ ಕುಂಕುಮ ತೆಗೆದಳು. ನನ್ನ ಹಿಂದೆಯೇ ಏದುಸಿರು ಬಿಡುತ್ತ ಬಂದಿದ್ದ ವೀರಾಚಾರಿ ಕಿರುಚಿಕೊಂಡ: "ಅಚ್ಬ್ಯಾಡ ಕಣವ್ವಾ! ಅಚ್ಬುಟ್ರೆ ಇವೂ ಕುಂತ್ಬುಡ್ತವೆ!" ಅವಳ ಬೆರಳು ಸುತ್ತಿಗೆಯಿಂದ ಒಂದು ಗೇಣು ದೂರದಲ್ಲಿ ನಿಂತಿತು.

ಲಿಂಗಾಚಾರಿ ಕಲ್ಲಿನ ಮೇಲೆ ಕಾಲಿಟ್ಟ. ಸುತ್ತಿಗೆ ಅವನ ಬಲಗೈಯಲ್ಲಿತ್ತು, ಚಾಣವನ್ನು ಮೊಳೆಯ ಮೇಲೆ ನಿಲ್ಲಿಸಿ ಹಿಡಿಯಲು ಬೇರೊಬ್ಬರ ಕೈ ಬೇಕಿತ್ತು. ಎಡಗೈಯಿಂದ ಅವನು ಬೇಡಿಯನ್ನು ಒತ್ತಿ ಹಿಡಿಯದಿದ್ದರೆ ಅದು ತಿರುಗಿ ಮೂಳೆಗೆ ತಾಗುತ್ತಿತ್ತು. ಪೂಜೆಗೆ ಕೂತ ವೀರಾಚಾರಿ ಸಾಮಾನು ಮುಟ್ಟುವ ಹಾಗಿರಲಿಲ್ಲ. ಕಾವಲಿನವನು ಹಿಂದೆ ಸರಿದ. ಮೊಳೆ ಹೊಡೆಸಿದವನು ನಾನು, ನಾನೇ ಚಾಣ ಹಿಡಿದು ಕೂತೆ.

"ಕೈ ಅಲ್ಲಾಡಿಸ್ಬ್ಯಾಡಿ ಬುದ್ಧಿ. ನಿಮ್ ಬೆಳ್ಳು ನನ್ ಸುತ್ತಿಗೆ ಕೆಳ್ಗದೆ," ಎಂದ ಲಿಂಗಾಚಾರಿ.

ಕಳ್ಳನೆಂದು ನಂಬಿ ಮೂರು ತಿಂಗಳು ಕಾಲು ಕಟ್ಟಿಸಿದ್ದೆ. ಈಗ ನನ್ನ ಬೆರಳು ಅವನ ಕೈಯಲ್ಲಿತ್ತು. ಹೆದರಿದೆ, ಸುಳ್ಳು ಹೇಳುವುದಿಲ್ಲ. ಕಣ್ಣು ಮುಚ್ಚಿಕೊಂಡೆ. ಒಂದು ಏಟು. ಎರಡು. ಮೂರನೆಯದಕ್ಕೆ ಮೊಳೆಯ ತಲೆ ಹಾರಿ ಗೋಡೆಗೆ ಬಡಿಯಿತು. ನನ್ನ ಬೆರಳಿಗೆ ಸುತ್ತಿಗೆಯ ಗಾಳಿ ಬಿಟ್ಟರೆ ಇನ್ನೇನೂ ಸೋಕಿರಲಿಲ್ಲ.

ಜಮಾದಾರ ಕೈ ಒರೆಸಿಕೊಳ್ಳುತ್ತ ಬಂದ. ಬಿದ್ದ ಬೇಡಿ ನೋಡಿದ, ಲಿಂಗಾಚಾರಿಯ ಬರಿಗಾಲು ನೋಡಿದ. "ನಿಮ್ಮೋನೇ ಆದ, ಜಾವ್," ಎಂದು ನಕ್ಕು ಉಳಿದವರನ್ನು ಎಣಿಸಿಕೊಂಡು ಹೊರಟ.

ಲಿಂಗಾಚಾರಿ ಸುತ್ತಿಗೆಯನ್ನು ಬಟ್ಟೆಯಲ್ಲಿ ಒರೆಸಿ ಹೆಂಡತಿಯ ಮುಂದಿಟ್ಟು, "ಈಗ ಅಚ್ಚು ಕಣಮ್ಮಿ, ಇವೂ ಕುಂತ್ಕಳ್ಳಿ," ಎಂದ. ಅವಳು ಕುಂಕುಮ ಹಚ್ಚಿದಳು, ತನ್ನ ಮುಡಿಯ ಹೂವನ್ನೇ ತೆಗೆದಿಟ್ಟಳು. ಮೂವರೂ ಆ ಗಂಟನ್ನು ವೀರಾಚಾರಿಯ ಮನೆಗೆ ಒಯ್ದು ಅವನ ಸಾಮಾನಿನ ಪಕ್ಕದಲ್ಲಿ ಕೂರಿಸಿದರಂತೆ. ವಿಜಯದಶಮಿ ಕಳೆದ ಮೇಲೆ ಗಂಡ ಹೆಂಡತಿ ಊರಿಗೆ ಹೋದರು. ಹೋಗುವಾಗ ಲಿಂಗಾಚಾರಿ ನನ್ನ ಬಳಿ ಬಂದು ಬನ್ನಿ ಸೊಪ್ಪು ಕೊಟ್ಟ. ತಪ್ಪಾಯಿತಪ್ಪ ಎಂದು ಅವತ್ತು ಬಾಯಿಬಿಟ್ಟು ಹೇಳಿದೆ. ಕೈದಿಯಾಗಿದ್ದವನ ಹತ್ತಿರ ಹಾಗೆ ಹೇಳಿದ್ದು ಅದೇ ಮೊದಲು.

ಆಮೇಲೂ ಹಲವು ವರ್ಷ ಆ ಕೆಲಸ ಮಾಡಿದೆ. ಈಗ ತೊಣ್ಣೂರಿನಲ್ಲಿ ಕೆರೆಯ ಗಾಳಿ ಕುಡಿಯುತ್ತ ಕೂತಿದ್ದೇನೆ, ಆ ಮುರಿದ ಬೇಡಿ ಗೂಡಿನಲ್ಲಿದೆ. ಅವತ್ತಿನಿಂದ ಹೊಸ ಕೈದಿ ಬಂದಾಗಲೆಲ್ಲ, ಬೇಡಿ ಹಾಕುವ ಮೊದಲು ನಾನು ಗಟ್ಟಿಯಾಗಿ ಕೇಳುತ್ತಿದ್ದ ಮಾತು ಒಂದೇ: "ಇದನ್ನು ತೆಗೆಯುವವರು ಯಾರು, ಎಲ್ಲಿದ್ದಾರೆ?" ಉತ್ತರ ಬರುವ ತನಕ ಯಾರ ಕಾಲಿಗೂ ಕಬ್ಬಿಣ ಮುಟ್ಟಿಸಲು ಬಿಡುತ್ತಿರಲಿಲ್ಲ.