ಬ್ರೇಕಮ್ಮ ಬೆಣೆ ಬಿಚ್ಚಿದ್ದು

ಡ್ರೈವಿಂಗ್ ಕಲಿಸುವ ಕಾರಿನಲ್ಲಿ ಗುರುವಿನ ಕಾಲಡಿಯಲ್ಲೂ ಒಂದು ಬ್ರೇಕ್ ಇರುತ್ತದೆ. ಅದನ್ನು ಸರಿಯಾದ ಹೊತ್ತಿಗೆ ತುಳಿದು ಎಷ್ಟೋ ಕಾಂಪೌಂಡ್ ಗೋಡೆಗಳ ಜೀವ ಉಳಿಸಿದ ಹೆಂಗಸಿಗೆ ಊರವರಿಟ್ಟ ಹೆಸರು ಬ್ರೇಕಮ್ಮ. ಐವತ್ತು ದಾಟಿದ್ದರೂ ಕಂಡದ್ದನ್ನೆಲ್ಲ ಕೆದಕಿ ನೋಡುವ ಚಾಳಿ ಅವಳಿಗೆ ಹೋಗಿರಲಿಲ್ಲ. ಶಿಷ್ಯೆಯೊಬ್ಬಳು, ಆಸ್ಪತ್ರೆಯ ನರ್ಸು, ಹಿಂದಿನ ಸೀಟಿಗೆ ಎಸೆದ ಚೀಲ ತಿರುವು ಬಂದಾಗಲೆಲ್ಲ ಗಲಗಲ ಅನ್ನುತ್ತಿದ್ದರೆ ಸುಮ್ಮನಿರುವುದುಂಟೇ?

“ಏನೇ ಅದು, ಪಾತ್ರೆ ಅಂಗ್ಡಿ?”

“ಲೋಹದ ಬೆಣೆ, ಮೇಡಂ. ಬಂಡೆ ಹತ್ತೋಕೆ. ಬಿರುಕಲ್ಲಿ ಸಿಕ್ಕಿಸಿ ಹಗ್ಗ ಹಾಕ್ಕೋತೀವಿ. ಬಿದ್ರೆ ಹಿಡ್ಕೊಳ್ಳತ್ತೆ.”

“ಮೊಳೆ ಹೊಡೆಯಲ್ವಾ?”

“ಒಂದೂ ಇಲ್ಲ. ಮುಂದೆ ಹೋಗೋರು ಇಡ್ಬೇಕು, ಹಿಂದೆ ಬರೋರು ಬಿಚ್ಕೊಂಡು ಬರ್ಬೇಕು.”

ಬ್ರೇಕಮ್ಮನ ತಲೆಗೆ ಹುಳ ಹೊಕ್ಕಿತು. ಮನೆಯಲ್ಲಿ ಅತ್ತೆ ಹಣೆ ಚಚ್ಚಿಕೊಂಡರು. “ಅಟ್ಟದ ಮೇಲಿನ ಡಬ್ಬ ಇಳ್ಸು ಅಂದ್ರೆ ಮಂಡಿನೋವು. ಈಗ ಬಂಡೆ ಹತ್ತೋಕೆ ಹೊರಟ್ಳು!”

ದರ್ಜಿ ಗಂಡ ಹಲ್ಲಲ್ಲಿ ದಾರ ಕಡಿದು, “ಡಬ್ಬದಲ್ಲಿ ಏನಿದೆ ಅಂತ ಅವ್ಳಿಗೆ ಮೊದ್ಲೇ ಗೊತ್ತಲ್ಲಮ್ಮ,” ಎಂದ.

ನಾಲ್ಕಾರು ಭಾನುವಾರ ನರ್ಸಿನ ಹಿಂದೆ ಹತ್ತಿದ ಮೇಲೆ ಬ್ರೇಕಮ್ಮನಿಗೆ ತಾನೇ ಮುಂದೆ ಹೋಗುವ ಆಸೆ ಹುಟ್ಟಿತು. ನರ್ಸು ಒಂದು ಷರತ್ತು ಹಾಕಿದಳು. ಎರಡು ಬಂಡೆಗಳ ನಡುವೆ ಒಬ್ಬರು ಅಡ್ಡಡ್ಡ ಹಿಡಿಸುವಷ್ಟು ಸೀಳು, ಹೊಸಬರಿಗೆಂದೇ ಮಾಡಿಟ್ಟಂಥ ದಾರಿ. “ಇದ್ರಲ್ಲಿ ನಾನಿಟ್ಟ ಆರೂ ಬೆಣೆ ತಂದ್ರೆ ಮುಂದಿನ ಸಲ ನೀವೇ ಮುಂದೆ. ಒಂದು ಬಿಟ್ರೂ ಫೇಲ್.”

“ನನ್ನ ಕ್ಲಾಸಿನ ಟೆಸ್ಟಲ್ಲಿ ಎರಡು ಸಲ ನಿನ್ನ ಫೇಲ್ ಮಾಡಿದ್ದಕ್ಕೆ ಸೇಡಾ?”

“ಛೇ ಛೇ, ಏನ್ ಮೇಡಂ... ಸ್ವಲ್ಪ.”

ನರ್ಸು ಸೀಳಿನ ಗೋಡೆಯ ಬಿರುಕುಗಳಲ್ಲಿ ಬೆಣೆ ಸಿಕ್ಕಿಸುತ್ತ ಮೇಲೆ ಹೋಗಿ ಹಗ್ಗ ಹಿಡಿದು ಕೂತಳು. ಬ್ರೇಕಮ್ಮ ಬೆನ್ನನ್ನು ಒಂದು ಗೋಡೆಗೆ, ಪಾದಗಳನ್ನು ಎದುರು ಗೋಡೆಗೆ ಒತ್ತಿ, ತೆವಳುತ್ತ ಏರಿದಳು. ಹೆದರಿಕೆಯಾದಾಗ ಬಲಗಾಲು ತಾನಾಗಿಯೇ ಮುಂದಕ್ಕೆ ಒದೆಯುತ್ತಿತ್ತು. ಇಲ್ಲಿ ಬೇಕಾದದ್ದೂ ಅದೇ! ಪ್ರತಿ ಬೆಣೆಯ ಮುಂದೆ ನಿಂತು, ಅದು ಅಲ್ಲಿ ಯಾಕೆ ಕಚ್ಚಿ ಕೂತಿದೆ ಎಂದು ಕತ್ತು ಕೊಂಕಿಸಿ ನೋಡಿ, ಆಮೇಲೆ ಕೊಕ್ಕೆಯಿಂದ ಎಬ್ಬಿಸಿ ಸೊಂಟಕ್ಕೆ ತೂಗುಹಾಕಿಕೊಳ್ಳುತ್ತಿದ್ದಳು.

ಮೇಲಿನಿಂದ ಕೂಗು ಬಂತು: “ಅಲ್ಲೇ ಸಂಸಾರ ಹೂಡಿದ್ರಾ?”

“ಬಾಡಿಗೆ ಕಮ್ಮಿ ಇದೆ ಕಣೇ!”

ಐದನೆಯದು ಹಟಮಾರಿ. ಅದರಿಂದ ಹಗ್ಗ ಬಿಡಿಸಿ, ಕೊಕ್ಕೆ ಹಾಕಿ ತಿವಿದರೂ ಮಿಸುಕಲಿಲ್ಲ. ಅಷ್ಟರಲ್ಲಿ ಸೀಳಿನ ಒಳಗೆ, ಕತ್ತಲಲ್ಲಿ ಏನೋ ಮಿಣುಕಿತು. ಒಳಗೆ ಹೋದಷ್ಟೂ ಇಕ್ಕಟ್ಟು, ಅಂಚಿನಲ್ಲೇ ಇರಿ ಎಂದು ನರ್ಸು ಸಾರಿ ಸಾರಿ ಹೇಳಿದ್ದಳು. ಆದರೆ ನೋಡದೆ ಇರುವುದು ಹೇಗೆ? ಬ್ರೇಕಮ್ಮ ಒಳಗೆ ತೂರಿದಳು. ಅಲ್ಲೂ ಒಂದು ಬೆಣೆ! ಕೆಳಗಿನಿಂದ ತಟ್ಟಿದಳು, ಬದಿಯಿಂದ ತಟ್ಟಿದಳು, ಪುಸಲಾಯಿಸಿದಳು. ಕೊನೆಗೆ ಟಣ್ ಎಂದು ಕೈಗೆ ಬಂತು. ಹೊರಡಲು ನೋಡಿದರೆ ಎದೆ ಸಿಕ್ಕಿಕೊಂಡಿತ್ತು. ಜೀವ ಬಾಯಿಗೆ ಬಂತು. ಉಸಿರೆಲ್ಲ ಹೊರಗೆ ಬಿಟ್ಟು, ಇಂಚಿಂಚೇ ಜರುಗಿ, ಬೆಳಕಿಗೆ ಬಂದಾಗ ಅವಳಿಗೆ ಬೇರೇನೂ ನೆನಪಿರಲಿಲ್ಲ. ಸರಸರ ಏರಿದಳು, ಕೊನೆಯದನ್ನೂ ಬಿಚ್ಚಿಕೊಂಡು.

ಮೇಲೆ ನರ್ಸು ಎಣಿಸಿದಳು. “ಆರು! ಶಭಾಷ್...” ಎಂದವಳೇ ಒಂದನ್ನು ತಿರುಗಿಸಿ ನೋಡಿದಳು. ಒಂದು ಬದಿ ತುಕ್ಕು ಹಿಡಿದಿತ್ತು. “ಮೇಡಂ, ಇದು ನಂದಲ್ಲ. ಯಾವ ಕಾಲದಲ್ಲೋ ಯಾರೋ ಬಿಟ್ಟುಹೋಗಿದ್ದು. ನಾನೂ ಕಿತ್ತು ಕಿತ್ತು ಸೋತಿದ್ದೆ. ನಿಮ್ಗೆ ಹೇಗ್ರೀ ಬಂತು?”

“ಪುಸಲಾಯಿಸ್ದೆ.”

“ಹಾಗಾದ್ರೆ ನಂದೆಲ್ಲಿ?”

ಬ್ರೇಕಮ್ಮ ಕೆಳಗೆ ಇಣುಕಿದಳು. “ಅಯ್ಯೋ, ಐದನೇದು! ಅಲ್ಲೇ ಇದೆ.”

“ಫೇಲ್,” ಎಂದಳು ನರ್ಸು, ಬಾಯಿ ತುಂಬಾ.

ಎಷ್ಟೋ ಮಂದಿಗೆ ಹಂಚಿದ ಮಾತು ಮೊದಲ ಸಲ ತನ್ನ ಕಿವಿಗೇ ಬಿದ್ದಿತ್ತು. “ಓ, ಹೀಗಿರತ್ತಾ ಇದು!” ಎಂದು ಬ್ರೇಕಮ್ಮ ಗಲ್ಲ ಸವರಿಕೊಂಡಳು. “ಇಳ್ಸು ನನ್ನ. ಅದು ಯಾಕ್ ಬರ್ಲಿಲ್ಲ ಅಂತ ನೋಡ್ಬೇಕು.”

ಹಗ್ಗದಲ್ಲಿ ಇಳಿದಳು, ಬಿಚ್ಚಿದಳು, ಬೆವರು ಸುರಿಸುತ್ತ ಮತ್ತೆ ಹತ್ತಿ ಬಂದು ಬೆಣೆಯನ್ನು ನರ್ಸಿನ ಕೈಗಿಟ್ಟಳು. “ಈಗ ಪಾಸಾ?”

“ಒಂದೇ ದಿನ ಎರಡು ಟೆಸ್ಟ್ ನಂಗೆ ಕೊಟ್ಟಿದ್ರಾ?”

“ಇಲ್ಲ.”

“ಮತ್ತೆ? ಮುಂದಿನ ಭಾನುವಾರ ಬನ್ನಿ.”